ಗೋಣಿ ವಾಸನೆ

ಆ ಭಾನುವಾರ ಸುಮ್ಮನಿರಬೇಕಾದ ಹೊತ್ತಿನಲ್ಲಿ ನಾನು ಬಾಯಿ ತೆರೆದದ್ದು ಒಂದೇ ಸಲ, ಆಡಿದ್ದು ಒಂದೇ ಪದ. "ಗೋಣಿ."

ಮಡಿಕೇರಿಯ ಮಹದೇವಪೇಟೆಯಲ್ಲಿ ಒಂದು ಹಳೆ ಮನೆಯ ಮಹಡಿ. ತಿಂಗಳ ಎರಡನೇ ಭಾನುವಾರ ಅಲ್ಲಿ ನಾವು ಎಂಟೊಂಬತ್ತು ಜನ ಸೇರುತ್ತೇವೆ. ಕಾಫಿಗಾಗಿ ಅಂದರೆ ಊರಲ್ಲಿ ನಗುತ್ತಾರೆ. ಕೊಡಗಿನಲ್ಲಿದ್ದುಕೊಂಡು ಕಾಫಿ ಕುಡಿಯಲಿಕ್ಕೆ ಗುಂಪು ಕಟ್ಟುವುದು ಕಡಲ ದಂಡೆಯಲ್ಲಿ ನಿಂತು ಉಪ್ಪು ಹುಡುಕಿದ ಹಾಗೆ ಎಂದು ನನ್ನ ಯಜಮಾನರ ತಮಾಷೆ. ನಿಜ ಹೇಳಬೇಕೆಂದರೆ ನಾವು ಕುಡಿಯುವುದೂ ಇಲ್ಲ. ಚಮಚದಿಂದ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಪಕ್ಕದ ಸ್ಟೀಲ್ ಲೋಟಕ್ಕೆ ಉಗುಳುತ್ತೇವೆ. ಇದಕ್ಕೆ ಕಪ್ಪಿಂಗ್ ಅನ್ನುತ್ತಾರೆ. ಕಾಫಿ ಕೊಳ್ಳುವ ಕಂಪನಿಗಳಲ್ಲಿ ಇದು ಸಂಬಳದ ಕೆಲಸ, ನಮಗೆ ಹುಚ್ಚು.

ಮನೆ ಬ್ಯಾಂಕಿನವರದ್ದು. ಬ್ಯಾಂಕಿನಿಂದ ನಿವೃತ್ತರಾಗಿ ಆರು ವರ್ಷವಾದರೂ ನಾವು ಹಾಗೇ ಕರೆಯುವುದು, ಅವರೂ ಲೆಕ್ಕ ಬಿಟ್ಟಿಲ್ಲ. ಹಿಂದಿನ ದಿನವೇ ಎಲ್ಲರ ಬೀಜ ತರಿಸಿಕೊಂಡು ಹುರಿದಿಡುತ್ತಾರೆ. ಒಂದು ಕಪ್ಪಿಗೆ 150 ಮಿಲಿ ನೀರು, 8.25 ಗ್ರಾಂ ಪುಡಿ. ಆ ಕಾಲು ಗ್ರಾಮಿಗೆ ಅವರು ಪಡುವ ಪಾಡು ನೋಡಿದರೆ ಚಿನ್ನದಂಗಡಿಯವರೂ ನಾಚಬೇಕು. ನೀರು 93 ಡಿಗ್ರಿ ಇರಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 96ರ ಹತ್ತಿರವೇ ಕುದಿಯುತ್ತದೆ, ಹೆಚ್ಚು ಕಾಯಬೇಕಾಗಿಲ್ಲ. ನೀರು ಹುಯ್ದಾಗ ಪುಡಿಯೆಲ್ಲ ಮೇಲೆದ್ದು ದೋಸೆಹಿಟ್ಟು ಹುಳಿ ಬಂದಂತೆ ಉಬ್ಬಿ ನಿಲ್ಲುತ್ತದೆ. ನಾಲ್ಕು ನಿಮಿಷ ಬಿಟ್ಟು ಚಮಚದ ಬೆನ್ನಿನಿಂದ ಆ ಪದರವನ್ನು ಮೂರು ಸಲ ತಳ್ಳಿ ಒಡೆಯಬೇಕು. ಒಡೆಯುವಾಗ ಮೂಗು ಕಪ್ಪಿಗೆ ತಾಗುವಷ್ಟು ಹತ್ತಿರ ಇರಬೇಕು. ಒಳಗೆ ಅಡಗಿದ್ದ ವಾಸನೆಯೆಲ್ಲ ಆಗಲೇ ಒಟ್ಟಿಗೆ ಮೇಲೆ ಬರುವುದು.

ಬಂದದ್ದನ್ನು ಹೇಳಬಾರದು. ಬರೆಯಬೇಕು. ಎಲ್ಲರೂ ಬರೆದು ಪೆನ್ಸಿಲ್ ಕೆಳಗಿಡುವ ತನಕ ತುಟಿಪಿಟಕ್ಕೆನ್ನಬಾರದು. ಅಲ್ಲಿಗೆ ಕಾಲಿಟ್ಟ ಮೊದಲ ದಿನವೇ ಬ್ಯಾಂಕಿನವರು ಹೇಳಿದ ನಿಯಮ ಇದೊಂದೇ. "ಒಗ್ಗರಣೆ ಹಾಕಿದವರು ಒಬ್ಬರಾದರೆ ಸಾಕು, ಮನೆಯೆಲ್ಲ ಅದೇ ವಾಸನೆ," ಎಂದಿದ್ದರು. ನಾನು ತಲೆಯಾಡಿಸಿದ್ದೆ. ಮಕ್ಕಳಿಗೆ ಪರೀಕ್ಷಾ ಕೊಠಡಿಯಲ್ಲಿ ದಿನಾ ಹೇಳುವ ಮಾತಲ್ಲವೇ ಇದು?

ನಿಯಮ ಇನ್ನೊಂದೆರಡು ಬೇಕಿತ್ತು ಅಂತ ಗೊತ್ತಾಗುವಷ್ಟರಲ್ಲಿ ಒಬ್ಬರು ಮುನಿಸಿಕೊಂಡಾಗಿತ್ತು. ನಮ್ಮಲ್ಲಿ ಜಿಲ್ಲಾಸ್ಪತ್ರೆಯ ನರ್ಸ್ ಒಬ್ಬರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗದೆ ಸೀದಾ ಬರುವವರು. ಒಂದು ಸಲ ಮಾತಿಗೆ ಮಾತು ಬಂದು, ಗೋಣಿಕೊಪ್ಪದ ಹುಡುಗ (ಹೋಂಸ್ಟೇ ಅಡುಗೆಮನೆಯಲ್ಲಿ ಕೆಲಸ, ಇಪ್ಪತ್ನಾಲ್ಕು ವಯಸ್ಸು, ಎಲ್ಲ ಬಲ್ಲವನು) ಚಿಕೋರಿ ಬೆರೆಸಿ ಕುಡಿಯುವವರಿಗೆ ಕಾಫಿ ಅಂದರೇನೆಂದೇ ಗೊತ್ತಿಲ್ಲ ಅಂದುಬಿಟ್ಟ. ನರ್ಸ್ ಮನೆಯಲ್ಲಿ ಮೂರು ತಲೆಮಾರಿನಿಂದ ಕಾಫಿ ಅರವತ್ತು, ಚಿಕೋರಿ ನಲವತ್ತು. "ಕಾನೂನೇ ನೂರಕ್ಕೆ 49ರ ತನಕ ಚಿಕೋರಿ ಹಾಕಬಹುದು ಅಂದಿದೆ, ನೀನ್ಯಾರಪ್ಪ?" ಎಂದು ಎದ್ದು ಹೋದವರು ಎರಡು ತಿಂಗಳು ಬರಲಿಲ್ಲ. ಕೊನೆಗೆ ಹುಡುಗನೇ ಅವರ ಮನೆಗೆ ಹೋಗಿ, ಅದೇ ಚಿಕೋರಿ ಕಾಫಿ ಎರಡು ಲೋಟ ಕುಡಿದು ಕರೆದುಕೊಂಡು ಬಂದ. ಆಮೇಲೆ ಕಪ್ಪಿನ ಬಗ್ಗೆ ಏನು ಬೇಕಾದರೂ ಹೇಳಬಹುದು, ಕುಡಿಯುವವರ ಬಗ್ಗೆ ಹೇಳುವಂತಿಲ್ಲ ಎಂದಾಯಿತು. ಹೇಳುವಾಗ "ನನ್ನ ನಾಲಗೆಗೆ" ಎಂದು ಶುರುಮಾಡಬೇಕು ಎಂದೂ ಆಯಿತು. ಮೊದಮೊದಲು ಕೋರ್ಟಿನಲ್ಲಿ ಪ್ರಮಾಣ ಮಾಡಿದ ಹಾಗೆ ಕೇಳಿಸುತ್ತಿತ್ತು. ಈಗ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ "ನನ್ನ ನಾಲಗೆಗೆ" ಅನ್ನುತ್ತೇನೆ.

ಇನ್ನು ನನ್ನ ವಿಷಯ. ಶನಿವಾರಸಂತೆ ಕಡೆಯವಳು, ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ನನಗೆ ಮೂಗಿಗಿಂತ ಮಾತು ಚುರುಕು. ರುಚಿಗಳ ಹೆಸರಿಗೆ ಅಂತ ಬಣ್ಣಬಣ್ಣದ ಒಂದು ಚಕ್ರ ಇದೆ, 2016ರಲ್ಲಿ ತಿದ್ದಿ ಹೊಸದಾಗಿ ಬರೆದದ್ದು. ಬ್ಯಾಂಕಿನವರು ಅದನ್ನು ಗೋಡೆಗೆ ಅಂಟಿಸಿದ್ದಾರೆ. ಅದರಲ್ಲಿ ಬ್ಲೂಬೆರಿ ಇದೆ, ಬ್ಲ್ಯಾಕ್‌ಬೆರಿ ಇದೆ. ನಮ್ಮಲ್ಲಿ ಅವನ್ನು ತಿಂದವರೆಷ್ಟು? ಹಾಗಾಗಿ ಪದ ಹುಡುಕುವ ಕೆಲಸ ನನಗೇ ಬಿತ್ತು. ಬ್ಲೂಬೆರಿ ಜಾಗಕ್ಕೆ ನೇರಳೆ ತಂದೆ. ಚಕ್ಕೋತದ ಒಳಸಿಪ್ಪೆ, ಒಣಗಿದ ಕಿತ್ತಳೆ ಸಿಪ್ಪೆ, ಬಸಿದ ಗಂಜಿ, ಬೆಲ್ಲದ ಪಾಕ, ಎಲ್ಲ ಬಂತು. ಕಾಚಂಪುಳಿಯನ್ನು ಸೇರಿಸಿದವರು ನರ್ಸ್. ಪಂದಿ ಕರಿಗೆ ಹಾಕುವ ಆ ಕಪ್ಪು ಹುಳಿಯನ್ನು ಸಸ್ಯಾಹಾರಿಯಾದ ನಾನು ಮೊದಲ ಸಲ ಬೆರಳಿಗೆ ಹಚ್ಚಿ ನೆಕ್ಕಿದ್ದು ಕಾಫಿಯ ದೆಸೆಯಿಂದ. ಎಲ್ಲರೂ ನನ್ನ ಪದಗಳನ್ನೇ ಬಳಸತೊಡಗಿದಾಗ ಹೆಮ್ಮೆಯೆನಿಸಿದ್ದು ಸುಳ್ಳಲ್ಲ.

ಆ ಭಾನುವಾರ ಜನವರಿಯದು. ಮೇಜಿನ ಮೇಲೆ ಏಳು ಕಪ್. ಹುಡುಗ ಬಂದಿರಲಿಲ್ಲ, ಮೂರ್ನಾಡಿನ ಹತ್ತಿರ ಬೈಕ್ ಪಂಕ್ಚರ್ ಎಂದು ಫೋನ್ ಬಂದಿತ್ತು. ನನ್ನ ಎಡಕ್ಕೆ ನಿಂತವರು ಮಾದಾಪುರದವರು. ಮೂರೂವರೆ ಎಕರೆ ಅರೇಬಿಕಾ. ಬಿಳಿ ಕಾಂಡಕೊರಕ ಹುಳುವಿನ ಕಾಟ ತಾಳಲಾರದೆ ಸುತ್ತಲಿನವರೆಲ್ಲ ರೊಬಸ್ಟಾ ಕಾಫಿಗೆ ತಿರುಗಿದರೂ ಇವರು ಎಸ್ 795 ಎಂಬ ಅರೇಬಿಕಾ ತಳಿ ಬಿಡಲಿಲ್ಲ. ಪ್ರತಿ ವರ್ಷ ಒಂದಿಷ್ಟು ಗಿಡ ಕಿತ್ತು ಸುಡುತ್ತಾರೆ, ಒಂದಿಷ್ಟು ನೆಡುತ್ತಾರೆ. ಆ ಡಿಸೆಂಬರಿನಲ್ಲಿ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಹರಡಿದ್ದಾಗಲೇ ಮೂರು ದಿನ ಮಳೆ ಹಿಡಿದಿತ್ತು. ಟಾರ್ಪಾಲು ಹೊದೆಸಿ, ರಾತ್ರಿ ಎದ್ದೆದ್ದು ಮಗುಚಿ, ಬಿಸಿಲು ಬಂದಾಗ ಬಿಚ್ಚಿ ಒಣಗಿಸಿದ್ದರು. ಇದೆಲ್ಲ ಆಮೇಲೆ ಗೊತ್ತಾದದ್ದು. ಅವರು ಮಾತು ಕಡಿಮೆಯ ಮನುಷ್ಯ. ಹಾಳೆಯಲ್ಲೂ ಅಷ್ಟೇ, ಎರಡು ಪದ ಬರೆದು ಒಂದನ್ನು ಹೊಡೆದುಹಾಕುತ್ತಾರೆ.

ಮೂರನೇ ಕಪ್ ಒಡೆಯುವ ಸರದಿ ನನ್ನದು. ಚಮಚ ತಳ್ಳಿದೆ. ಬಿಸಿ ಹಬೆ ಮುಖಕ್ಕೆ ಬಂತು. ಅದರೊಳಗೆ ಅಜ್ಜನ ಮನೆಯ ಅಟ್ಟ ಇತ್ತು, ಮಳೆಗಾಲದಲ್ಲಿ ಭತ್ತದ ಖಾಲಿ ಚೀಲ ಮಡಚಿಟ್ಟ ಮೂಲೆ. ಯೋಚನೆಗೆ ಮೊದಲೇ ಬಾಯಿಂದ ಜಾರಿತು.

"ಗೋಣಿ."

ಬ್ಯಾಂಕಿನವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಎಲ್ಲರೂ ಕೇಳದವರ ಹಾಗೆ ಮುಂದಿನ ಕಪ್ಪಿಗೆ ಹೋದರು. ಚಮಚದ ಸದ್ದು, ಸೊರ್ರ್ ಸದ್ದು, ಪೆನ್ಸಿಲ್ ಸದ್ದು. ಅಷ್ಟರಲ್ಲಿ ಹುಡುಗ ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಕೈ ತೊಳೆದು, ಆರುತ್ತಿದ್ದ ಕಪ್ಪುಗಳಿಂದಲೇ ಅವಸರವಸರವಾಗಿ ಎಳೆದು ಬರೆದುಕೊಂಡ.

ಹಾಳೆ ಓದುವ ಹೊತ್ತು ಬಂತು. ಮೂರನೆಯದು: ನರ್ಸ್, ಗೋಣಿ. ಟೈಲರ್ ಅಂಗಡಿಯವರು, ಹಳೆ ಚೀಲ. ಅವರ ತಮ್ಮ, ಗೋಣಿ, ಸ್ವಲ್ಪ ಮಣ್ಣು. ಮಾದಾಪುರದವರು, ಗೋಣಿ. ಬ್ಯಾಂಕಿನವರ ಹೆಂಡತಿ "ಗೋಣಿ ಇರಬಹುದು" ಎಂದು ಬರೆದಿದ್ದರು, ಸಂಸಾರಸ್ಥೆ. ಹುಡುಗ ಮಾತ್ರ, "ನನ್ನ ನಾಲಗೆಗೆ ಬೆಲ್ಲದ ಪಾಕ, ಕೊನೆಗೆ ಕಿತ್ತಳೆ" ಅಂದ. ಎಲ್ಲರೂ ನಕ್ಕರು. ಗೋಣಿಕೊಪ್ಪದವನಿಗೊಬ್ಬನಿಗೇ ಗೋಣಿ ಸಿಗಲಿಲ್ಲವಲ್ಲ ಎಂದು ನಾನೇ ಹಾಸ್ಯ ಮಾಡಿದೆ.

ಬ್ಯಾಂಕಿನವರು ನಗಲಿಲ್ಲ. "ಆರನೆಯದು ಓದಿ," ಅಂದರು. ಆರನೆಯದಕ್ಕೆ ನರ್ಸ್ ಬೆಲ್ಲ ಎಂದು ಬರೆದಿದ್ದರು. ಟೈಲರ್, ಸಿಹಿ, ಶುದ್ಧ. ನಾನು, ಬೆಲ್ಲದ ಪಾಕ ಮತ್ತು ಕಿತ್ತಳೆ ಸಿಪ್ಪೆ; ಪಕ್ಕದಲ್ಲಿ ಒಂದು ನಕ್ಷತ್ರ. ಅವರು ಬೀಜದ ಡಬ್ಬಿ ಎತ್ತಿ ತೋರಿಸಿದರು. ಮೂರೂ ಆರೂ ಒಂದೇ ಡಬ್ಬಿಯದು. ನಮ್ಮನ್ನು ಪರೀಕ್ಷಿಸಲೆಂದೇ ಎರಡು ಕಡೆ ಇಟ್ಟಿದ್ದರು. ಡಬ್ಬಿಯ ಮೇಲಿನ ಚೀಟಿಯಲ್ಲಿ ಮಾದಾಪುರ ಎಂದಿತ್ತು.

ತನ್ನ ಕಾಫಿಯನ್ನು ಬೇರೆಯವರು ಬೈದದ್ದಾಗಿದ್ದರೆ ಒಂದು ರೀತಿ. ಆ ಮನುಷ್ಯ ಮೂರು ರಾತ್ರಿ ನಿದ್ದೆಗೆಟ್ಟು ಕಾದ ಕಾಫಿಗೆ ತನ್ನ ಕೈಯಾರೆ ಗೋಣಿ ಎಂದು ಬರೆದಿದ್ದರು. ಹಾಳೆಯಲ್ಲಿ ಅದಕ್ಕೂ ಮೊದಲು ಇನ್ನೊಂದು ಪದ ಬರೆದು ಹೊಡೆದುಹಾಕಿದ್ದು ಕಾಣುತ್ತಿತ್ತು. ಏನೆಂದು ಓದಲು ಕತ್ತು ಚಾಚಿದೆ. ಅವರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

ನಾನು ವಾದ ಮಾಡದೆ ಬಿಟ್ಟೆನೆಂದಲ್ಲ. ಒಂದೇ ಒಂದು ಬೂಸು ಹಿಡಿದ ಬೀಜ ಸಾಕು, ಒಂದು ಕಪ್ಪನ್ನು ಕೆಡಿಸಲಿಕ್ಕೆ. ಕಸುಬಿನವರು ಒಂದೊಂದು ಕಾಫಿಗೆ ಐದೈದು ಕಪ್ ಇಡುವುದು ಅದಕ್ಕೇ. ಮೂರನೆಯದಕ್ಕೆ ಅಂಥ ಬೀಜ ಬಿದ್ದಿರಬಾರದೇಕೆ? "ಇರಬಹುದು," ಅಂದರು ಬ್ಯಾಂಕಿನವರು. "ಹಾಗಾದರೆ ಅದೇ ಕಪ್ಪಿನಲ್ಲಿ ಹುಡುಗನಿಗೆ ಬೆಲ್ಲ ಹೇಗೆ ಬಂತು?" ಆರಿದ ಮೇಲೆ ಕುಡಿದ, ಆರಿದರೆ ಸಿಹಿ ಮೇಲೆ ಬರುತ್ತದೆ ಅಂದೆ. ಅಷ್ಟು ಹೇಳುವಾಗಲೇ ನನ್ನ ದನಿ ತರಗತಿಯ ದನಿಯಾಗಿದ್ದು ನನಗೇ ಕೇಳಿಸಿತು. ಇವತ್ತಿಗೂ ನನ್ನ ಮೂಗು ಆ ದಿನ ಸುಳ್ಳು ಹೇಳಿತೆಂದು ಒಪ್ಪಲು ಮನಸ್ಸಿಲ್ಲ. ಆದರೆ ಉಳಿದ ಐವರಿಗೆ ಸಿಕ್ಕಿದ ಗೋಣಿ ಕಪ್ಪಿನದಲ್ಲ, ನನ್ನದು.

ಅಂದಿನಿಂದ ಹಾಳೆ ಓದುವ ಸರದಿಯಲ್ಲಿ ನಾನು ಕೊನೆಯವಳು. ಪದ ತಡವಾಗಿ ಸಿಗುವವರು ಮೊದಲು. ಮಾದಾಪುರದವರಿಂದ ಶುರು. ಅವರು ಒಂದು ಪದಕ್ಕೆ ಎರಡು ನಿಮಿಷ ತೆಗೆದುಕೊಂಡರೂ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ನನಗಂತೂ ನಾಲಗೆಯ ತುದಿಗೆ ಬಂದ ಪದವನ್ನು ಹಿಡಿದಿಟ್ಟುಕೊಳ್ಳುವುದು ಬಸ್ಸಿನಲ್ಲಿ ಕೆಮ್ಮು ತಡೆದ ಹಾಗೆ.

ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾದಾಗ ಅವರು ನಮ್ಮನ್ನು ಮನೆಗೆ ಕರೆದರು. ಊಟವಾದ ಮೇಲೆ ನನಗೊಬ್ಬಳಿಗೆ ಏನೋ ತೋರಿಸಬೇಕೆಂದು ಕಣದ ಪಕ್ಕದ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಹೊಚ್ಚಹೊಸ ಗೋಣಿಚೀಲಗಳ ಕಟ್ಟು, ನಲವತ್ತಾದರೂ ಇದ್ದಾವು.

"ಹಳೇದೆಲ್ಲ ಸುಟ್ಟೆ ಮೇಡಂ."

"ಅಯ್ಯೋ, ಅವತ್ತೇ ಗೊತ್ತಾಯಿತಲ್ಲ, ಎರಡೂ ಒಂದೇ ಕಾಫಿ ಅಂತ!"

"ಗೊತ್ತಾಯಿತು," ಅಂದರು. "ಆದರೂ ರಾತ್ರಿ ಬಂದು ಒಂದೊಂದೇ ಚೀಲ ಮೂಸಿ ನೋಡ್ತಿದ್ದೆ. ಎಲ್ಲದರಲ್ಲೂ ಬರ್ತಿತ್ತು."

ನಾನು ಕಟ್ಟಿನ ಹತ್ತಿರ ಹೋದೆ. ಸೆಣಬಿನ ನಾರು ಮೆದುವಾಗಲೆಂದು ಗಿರಣಿಯಲ್ಲಿ ಎಣ್ಣೆ ಹಾಕುತ್ತಾರೆ. ಕಾಫಿಗೆ ಗೋಣಿಯ ವಾಸನೆ ಹತ್ತುವುದು ಹೆಚ್ಚಾಗಿ ಅದರಿಂದಲೇ, ಹಳೆಯದಕ್ಕಿಂತ ಹೊಸದರಲ್ಲಿ ಜೋರು. ಬಾಗುವ ಮೊದಲೇ ಮೂಗಿಗೆ ಬಡಿಯಿತು.

"ಹೇಗಿದೆ ಮೇಡಂ?"

"ನೀವು ಮೊದಲು ಹೇಳಿ," ಅಂದೆ.

ಅವರು ಕಟ್ಟು ಬಿಚ್ಚಿ, ಒಂದು ಚೀಲ ಎಳೆದು, ಬಾಯಿ ಅಗಲಿಸಿ ಮುಖವನ್ನೇ ಒಳಗಿಟ್ಟರು. ಹೊರಗೆ ಹೂವಿಗೆ ಜೇನುಹುಳುಗಳ ಗುಂಯ್ ಗುಂಯ್. ಬಹಳ ಹೊತ್ತಾದ ಮೇಲೆ ತಲೆ ಹೊರತೆಗೆದರು.

"ನನ್ನ ಮೂಗಿಗೆ," ಅಂದರು, ಮತ್ತೊಮ್ಮೆ ಮೂಸಿದರು, "ಸೀಮೆಎಣ್ಣೆ."