ಪಿಕಪ್ ಮುಂದಿನ ಬ್ರೇಕು: ಡಿಸ್ಕು, ಪ್ಯಾಡು ಮನೆ ಮುಂದೇನೇ ಹಾಕಿದ್ದು

ಶುಕ್ರವಾರ ರಾತ್ರಿ

ಸಂಡೂರು ಗುಡ್ಡ ಇಳಿಯೋವಾಗ ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ಗಡಗಡ ನಡುಗ್ತೈತೆ ಅಂತ ಅಪ್ಪ ಒಂದು ತಿಂಗ್ಳಿಂದ ಹೇಳ್ತಾನೇ ಇದ್ದ. ಮೊನ್ನೆ ಸಿರುಗುಪ್ಪದಿಂದ ನೆಲ್ಲು ತುಂಬ್ಕೊಂಡು ಬಳ್ಳಾರಿಗೆ ನಾನೇ ಓಡಿಸ್ಕೊಂಡು ಬಂದೆ, ಎಡಗಡೆ ಮುಂದಿನ ಚಕ್ರದಾಗೆ ಕರ್ ಕರ್ ಅಂತ ಕಬ್ಬಿಣಕ್ಕೆ ಕಬ್ಬಿಣ ತಿಕ್ಕೋ ಸದ್ದು, ಬ್ರೇಕ್ ಹಿಡಿದ್ರೆ ಗಾಡಿ ಬಲಕ್ಕೆ ಎಳೀತಿತ್ತು. ಅಂಥ ಗಾಡಿಗೆ ಇನ್ನೊಂದು ಲೋಡ್ ಹಾಕೋಕೆ ಮನಸ್ಸು ಬರ್ಲಿಲ್ಲ. ಎರಡು ಡಿಸ್ಕು (ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ), ಅದನ್ನ ಒತ್ತಿ ಹಿಡಿಯೋ ಪ್ಯಾಡು ಒಂದು ಸೆಟ್, ಎರಡು ಹಬ್ (ಚಕ್ರ ಕೂರೋ ನಡುಭಾಗ) ಸೀಲು, ಬೇರಿಂಗ್ ಗ್ರೀಸು, ಡಾಟ್ 4 ಬ್ರೇಕ್ ಆಯಿಲ್ ಇವತ್ತು ಸಂಜೆ ತಂದಿಟ್ಟೀನಿ. ಡಿಸ್ಕಾಗ್ಲಿ ಪ್ಯಾಡಾಗ್ಲಿ ಒಂದೇ ಕಡೆ ಹಾಕಂಗಿಲ್ಲ, ಎರಡೂ ಕಡೆ ಒಟ್ಟಿಗೇ ಹಾಕ್ಬೇಕು, ಇಲ್ಲಾಂದ್ರೆ ಎಳೆಯೋದು ಹೋಗಲ್ಲ.

ಶನಿವಾರ

ಬೆಳಿಗ್ಗೆ ಆರಕ್ಕೇ ಶುರು ಮಾಡ್ದೆ, ಹತ್ತು ಗಂಟೆ ಮ್ಯಾಲೆ ನಮ್ಮೂರ ಬಿಸಿಲಾಗೆ ಪಾನಾ ಮುಟ್ಟೋಕಾಗಲ್ಲ. ಮನೆ ಮುಂದೆ ಎರೆ ಮಣ್ಣು, ಜಾಕ್ ಸೀದಾ ಇಟ್ರೆ ಒಳಗೆ ಇಳೀತೈತೆ, ಪರ್ಸಿ ಕಲ್ಲು ಇಟ್ರೆ ಒಡೀತೈತೆ, ಅದಕ್ಕೆ ದಪ್ಪನೆ ಮರದ ಹಲಗೆ ಹಾಸಿ ಅದರ ಮ್ಯಾಲೆ ಜಾಕು, ಗಾಡಿ ಎತ್ತಿದ ಕೂಡ್ಲೇ ಚಾಸಿ ಕೆಳಗೆ ಸ್ಟ್ಯಾಂಡು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಬರೀ ಜಾಕ್ ನಂಬ್ಕೊಂಡು ಗಾಡಿ ಕೆಳಗೆ ಕೈ ಹಾಕ್ಬೇಡ್ರಿ, ದಯವಿಟ್ಟು. ಚಕ್ರದ ನಟ್ಟು ನೆಲದ ಮ್ಯಾಲೆ ಇದ್ದಾಗ್ಲೇ ಸಡಿಲ ಮಾಡ್ಕೊಂಡಿದ್ದೆ.

ಎಡಗಡೆ ಕ್ಯಾಲಿಪರ್, ಅಂದ್ರೆ ಪ್ಯಾಡ್ ಎರಡನ್ನೂ ಡಿಸ್ಕಿಗೆ ಒತ್ತೋ ಹಿಡಿ, ಬಿಚ್ಚಿದಾಗ ವಿಷಯ ಗೊತ್ತಾಯ್ತು. ಹೊರಗಿನ ಪ್ಯಾಡು 6 ಮಿಲಿಮೀಟರ್ ಇನ್ನೂ ಐತೆ, ಒಳಗಿನದು ಪೂರ್ತಿ ಖಾಲಿ, ಹಿಂದಿನ ತಗಡೇ ಡಿಸ್ಕಿಗೆ ತಿಕ್ಕಿ ತಿಕ್ಕಿ ಹೊಳೀತಿತ್ತು. ಬಲಗಡೆ ಎರಡೂ ಪ್ಯಾಡು ಹೆಚ್ಚುಕಮ್ಮಿ 4ರ ಸುತ್ತ ಒಂದೇ ಸಮ ಸವೆದಿದ್ವು. ಅಂದ್ರೆ ಎಡಗಡೆ ಕ್ಯಾಲಿಪರ್ ಜಾರ್ತಾನೇ ಇರ್ಲಿಲ್ಲ. ಈ ಥರದ ಕ್ಯಾಲಿಪರ್‌ನಾಗೆ ಆಯಿಲ್ ಒತ್ತಡಕ್ಕೆ ಮುಂದೆ ಬರೋ ಪಿಸ್ಟನ್ ಒಂದೇ ಕಡೆ ಇರ್ತೈತೆ, ಅದು ಒಳಗಿನ ಪ್ಯಾಡ್ ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮ್ಯಾಲೆ ಜಾರಿ ಹೊರಗಿನ ಪ್ಯಾಡನ್ನೂ ಎಳ್ಕೊಂಡು ಬರ್ಬೇಕು. ಪಿನ್ ಹಿಡ್ಕೊಂಡ್ರೆ ಒಳಗಿನದೊಂದೇ ದುಡೀತೈತೆ, ಆ ಚಕ್ರದ ಬ್ರೇಕು ಅರ್ಧಕ್ಕರ್ಧ ಹೋಗ್ತೈತೆ, ಗಾಡಿ ಇನ್ನೊಂದು ಕಡೆ ಎಳೀತೈತೆ.

ಕೆಳಗಿನ ಪಿನ್ನು ಕೈಲಿ ಬರ್ಲೇ ಇಲ್ಲ. ತುಕ್ಕು ಬಿಡೋ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಪಾನಾ ಹಾಕಿ ಆ ಕಡೆ ಈ ಕಡೆ ತಿರುಗಿಸ್ತಾ ತಿರುಗಿಸ್ತಾ ಎಳೆದ್ರೆ ಆಮೇಲೆ ಬಂತು. ಅದರ ರಬ್ಬರ್ ಬೂಟು ಉಬ್ಬಿ ಮೆತ್ತಗಾಗಿ, ಬಾಯಿ ಹತ್ರ ಸೀಳಿ ಹೋಗಿತ್ತು, ಅಲ್ಲಿಂದ ಅದಿರಿನ ಕೆಂಪು ಧೂಳು ಒಳಗೆ ಹೋಗಿ, ಗ್ರೀಸ್ ಜೊತೆ ಕಲ್ತು, ಒಣಗಿದ ಕುಂಕುಮದ ಉಂಡೆ ಥರ ಗಟ್ಟಿ ಆಗಿತ್ತು. ಹಿಂದಿನ ಸಲ ಪ್ಯಾಡ್ ಹಾಕಿದ ಗ್ಯಾರೇಜ್‌ನಾಗೆ ಪಿನ್ನಿಗೆ ಮಾಮೂಲಿ ಗ್ರೀಸ್ ಬಳಿದಿದ್ರು, ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ಈ ರಬ್ಬರ್ ಉಬ್ಬುತೈತೆ. ಹೊಸ ಪ್ಯಾಡ್ ಹಾಕಿ ದುಡ್ಡು ತಗೊಂಡ್ರು, ಪಿನ್ ಕಡೆ ಸರಿಯಾಗಿ ನೋಡ್ಲಿಲ್ಲ, ಅದಕ್ಕೇ ನಂಗೆ ಸಿಟ್ಟು. ಅಪ್ಪ ಈ ಗಾಡಿ ಮ್ಯಾಲೆ ದಿನಾ ರೋಡಿನಾಗೆ ಇರ್ತಾನೆ.

ಡಿಸ್ಕಿನ ಕನಿಷ್ಠ ದಪ್ಪ ಅದರ ಮ್ಯಾಲೇ ಅಚ್ಚು ಹಾಕಿರ್ತಾರೆ, ನಮ್ಮದಕ್ಕೆ 22 ಮಿಲಿಮೀಟರ್. ವರ್ನಿಯರ್ ಹಿಡಿದು ನಾಕು ಕಡೆ ಅಳೆದೆ, ಎಡಗಡೇದು 20.8 ಒಂದು ಕಡೆ, 21.1 ಇನ್ನೊಂದು ಕಡೆ. ಆ ಏರುಪೇರೇ ಸ್ಟೇರಿಂಗ್ ನಡುಗಿಸ್ತಿದ್ದದ್ದು. ಲೇತ್‌ಗೆ ಕೊಟ್ಟು ಕೆತ್ತಿಸ್ಕೊಂಡು ಬಾ ಅಂದ ನಮ್ಮ ಮಾಮ, ಕೆತ್ತೋಕೆ ಅಲ್ಲಿ ಏನು ಉಳಿದಿಲ್ಲ ಮಾಮ ಅಂತ ವರ್ನಿಯರ್ ತೋರಿಸ್ದೆ, ಸುಮ್ನಾದ.

ಭಾನುವಾರ

ನಮ್ಮ ಗಾಡಿಯಾಗೆ ಡಿಸ್ಕು ಹಬ್ಬಿನ ಹಿಂದೆ ಬೋಲ್ಟ್ ಆಗೈತೆ, ಹಬ್ ಸಮೇತ ತೆಗೀಬೇಕು. ಸ್ಪ್ಲಿಟ್ ಪಿನ್ನು, ನಟ್ಟು, ವಾಷರ್, ಹೊರಗಿನ ಬೇರಿಂಗ್ ಒಂದು ತಟ್ಟೆಯಾಗೆ ಸಾಲಾಗಿ ಇಟ್ಟೆ. ಹಬ್ಬು, ಡಿಸ್ಕು ಕೂಡೋ ಜಾಗದಾಗೆ ಒಂದು ಚಕ್ಕೆ ತುಕ್ಕು ಉಳಿದ್ರೂ ಹೊಸ ಡಿಸ್ಕು ಓಲಾಡ್ತೈತೆ, ಅಲ್ಲಿಗೇ ಒಂದು ಗಂಟೆ ಹಿಡೀತು, ಎಮ್ರಿ ಪೇಪರ್ ಹಾಕಿ ಬೆರಳು ಆಡಿಸಿ ಆಡಿಸಿ ನೋಡ್ದೆ. ಬೇರಿಂಗ್ ತೊಳೆದು, ಅಂಗೈಯಾಗೆ ಗ್ರೀಸ್ ಇಟ್ಕೊಂಡು ಈ ಕಡೆಯಿಂದ ಒತ್ತಿ ರೋಲರ್ ಸಂದಿಯಿಂದ ಆ ಕಡೆ ಹೊರಗೆ ಬರೋ ತನಕ ತುಂಬಿದೆ. ನಟ್ ಬಿಗಿ ಮಾಡೋವಾಗ ಹಬ್ ತಿರುಗಿಸ್ತಾ ಇರ್ಬೇಕು, ಆಮೇಲೆ ಸಡಿಲ ಬಿಟ್ಟು, ಮ್ಯಾನುಯಲ್‌ನಾಗೆ ಇದ್ದಂಗೆ ಮತ್ತೆ ಕೂರಿಸಿ ಹೊಸ ಸ್ಪ್ಲಿಟ್ ಪಿನ್ ಹಾಕ್ದೆ. ಓಲಾಟ ಅಳೆಯೋ ಡಯಲ್ ಗೇಜ್ ಇಲ್ಲ, ಅದಕ್ಕೆ ಒಂದು ತಂತಿನ ಡಿಸ್ಕಿಗೆ ಕೂದಲೆಳೆ ದೂರದಾಗೆ ಕಟ್ಟಿ ಡಿಸ್ಕ್ ತಿರುಗಿಸಿ ನೋಡ್ದೆ, ಸಂದಿ ಎಲ್ಲೂ ಹೆಚ್ಚುಕಮ್ಮಿ ಆಗ್ಲಿಲ್ಲ.

ಹೊಸ ಡಿಸ್ಕಿನ ಮ್ಯಾಲೆ ತುಕ್ಕು ಹಿಡೀದಂಗೆ ಎಣ್ಣೆ ಹಚ್ಚಿರ್ತಾರೆ, ಬ್ರೇಕ್ ಕ್ಲೀನರ್ ಹೊಡೆದು ಒರೆಸ್ಬೇಕು, ಡೀಸೆಲ್ ಬೇಡ, ಅದರ ಜಿಡ್ಡು ಹಂಗೇ ಉಳೀತೈತೆ. ಎಡಗಡೆಗೆ ಹೊಸ ಪಿನ್ನು, ಹೊಸ ಬೂಟು, ಸಿಲಿಕೋನ್ ಬ್ರೇಕ್ ಗ್ರೀಸ್. ಈಗ ಕ್ಯಾಲಿಪರ್‌ನ ಒಂದು ಬೆರಳಾಗೆ ತಳ್ಳಿದ್ರೂ ಸರ್ರಂತ ಜಾರ್ತೈತೆ. ಪಿಸ್ಟನ್ ಹಿಂದಕ್ಕೆ ಒತ್ತೋ ಮುಂಚೆ ಗಾಡಿಯಾಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಆಯಿಲ್ ಸಿರಿಂಜಿನಾಗೆ ಎಳ್ಕೊಂಡಿದ್ದೆ, ಇಲ್ಲಾಂದ್ರೆ ಉಕ್ಕಿ ಪೇಂಟ್ ಮ್ಯಾಲೆ ಬೀಳ್ತೈತೆ, ಬಿದ್ರೆ ಪೇಂಟ್ ಕಿತ್ತು ಬರ್ತೈತೆ.

ಹಳೇ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯಾಗಿನ ತೇವ ಹೀರ್ತೈತೆ, ಹೊಸ ಡಾಟ್ 4 ಕುದಿಯೋಕೆ ಕಮ್ಮಿ ಅಂದ್ರೂ 230 ಡಿಗ್ರಿ ಬೇಕು, ನೀರು ಕುಡಿದ ಮ್ಯಾಲೆ ಆ ಲೆಕ್ಕ 155ಕ್ಕೆ ಇಳೀತೈತೆ, ಲೋಡ್ ಇಟ್ಕೊಂಡು ಗುಡ್ಡ ಇಳಿಯೋರಿಗೆ ಇದು ಸಣ್ಣ ವಿಷಯ ಅಲ್ಲ. ಪೂರ್ತಿ ಬದಲಿಸ್ದೆ. ತಮ್ಮ ಪೆಡಲ್ ಮ್ಯಾಲೆ, ನಾನು ಚಕ್ರದ ಹತ್ರ. 'ಒತ್ತು', 'ಹಿಡಿ', ಹಳೇ ಆಯಿಲ್, ಗಾಳಿ ಹೊರಗೆ ಬಿಡೋ ನಿಪ್ಪಲ್ ತೆರೆದು ಮುಚ್ಚಿ 'ಬಿಡು'. 'ಅಣ್ಣಾ, ಕಾಲು ನೋಯ್ತೈತೆ' ಅಂತ ಕೂಗಿದ, ಆದ್ರೂ ಗುಳ್ಳೆ ನಿಲ್ಲೋ ತನಕ ಬಿಡ್ಲಿಲ್ಲ. ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಪೆಡಲ್ ಹತ್ತಾರು ಸಲ ಒತ್ತಿ ಗಟ್ಟಿ ಆಗೈತಾ ನೋಡ್ಕೊಂಡ್ವಿ, ಪ್ಯಾಡ್ ಡಿಸ್ಕಿಗೆ ಬಂದು ಕೂರೋ ತನಕ ಪೆಡಲ್ ನೆಲಕ್ಕೇ ಹೋಗ್ತಿರ್ತೈತೆ.

ಸೋಮವಾರ

ಬೆಳಿಗ್ಗೆ ಐದಕ್ಕೆ ಖಾಲಿ ಬೈಪಾಸ್‌ನಾಗೆ ಹೊಸ ಪ್ಯಾಡು ಡಿಸ್ಕಿಗೆ ಹೊಂದ್ಕೊಳ್ಲಿ ಅಂತ ಸ್ಪೀಡ್ 50ರಿಂದ 10ಕ್ಕೆ ಮೆಲ್ಲಗೆ ಇಳಿಸೋದು, ಪೂರ್ತಿ ನಿಲ್ಲಿಸ್ದೆ ಮತ್ತೆ ಓಡಿಸೋದು, ಹಿಂಗೆ ಹತ್ತು ಸಲ, ಆಮೇಲೆ ಬ್ರೇಕ್ ಮುಟ್ಟದೇ ತಣ್ಣಗಾಗೋಕೆ ಬಿಟ್ಟೆ. ಸ್ಟೇರಿಂಗ್ ಅಲುಗಾಡ್ಲಿಲ್ಲ, ಕೈ ಸಡಿಲ ಹಿಡಿದ್ರೂ ಗಾಡಿ ನೆಟ್ಟಗೇ ನಿಲ್ತೈತೆ. ಇಳಿದು ಎರಡೂ ಚಕ್ರದ ಹತ್ರ ಕೈ ಒಡ್ಡಿ ನೋಡ್ದೆ, ಬಿಸಿ ಎರಡೂ ಕಡೆ ಒಂದೇ ಥರ.

ಬುಧವಾರ

ನೂರು ಕಿಲೋಮೀಟರ್ ಆದ ಮ್ಯಾಲೆ ಚಕ್ರದ ನಟ್ಟು ಇನ್ನೊಮ್ಮೆ ಬಿಗಿ ನೋಡ್ದೆ, ಎಲ್ಲಾ ಸರಿ ಐತೆ. ಬಲಗಡೆ ಮ್ಯಾಲಿನ ಪಿನ್ನಿನ ಬೂಟು ಹರಿದಿಲ್ಲ, ಆದ್ರೆ ಸ್ವಲ್ಪ ಗಟ್ಟಿ ಆಗೈತೆ, ಅಂಗಡಿಯಾಗೆ ಸ್ಟಾಕ್ ಇರ್ಲಿಲ್ಲ, ಶನಿವಾರ ಬರ್ತೈತೆ ಅಂದಾರೆ. ಬಂದ ದಿನಾನೇ ಅದೊಂದು ಬಿಚ್ಚಿ ಹಾಕ್ತೀನಿ.