ತಪ್ಪು ಆಸ್ಪತ್ರೆಯದು, ಬಿಲ್ಲು ನಮ್ಮ ಪಾಲಿಸಿಗೆ

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಮ್ಮ ಕಾಕಾನ ಹೊಟ್ಟೆಯೊಳಗೆ ಬಟ್ಟೆ ತುಂಡು ಬಿಟ್ಟು ಹೊಲಿಗೆ ಹಾಕಿದ್ದರು. ತೆಗೆಸಲು ಸೊಲ್ಲಾಪುರಕ್ಕೆ ಹೋಗಬೇಕಾಯಿತು. ವಿಮಾ ಕಂಪನಿ ಎರಡೂ ಬಿಲ್ಲು ಕಟ್ಟಿತು, ಅದರಲ್ಲಿ ತಕರಾರಿಲ್ಲ, ಆದರೆ ಎರಡನ್ನೂ ಕಾಕಾನ ಅದೇ ವರ್ಷದ ವಿಮಾ ಮೊತ್ತದಲ್ಲೇ ಕಳೆದರು, ತಪ್ಪು ಮಾಡಿದವರನ್ನು ಒಂದು ರೂಪಾಯಿ ವಾಪಸ್ ಕೊಡಿ ಅಂತ ಯಾರೂ ಕೇಳಲಿಲ್ಲ. ಇದ್ಯಾವ ನ್ಯಾಯ?

ಅಮೆರಿಕದಲ್ಲಿ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಇದೆ, ಹೆಚ್ಚಾಗಿ 65 ದಾಟಿದವರಿಗೆ. ಅದು 2008ರ ಅಕ್ಟೋಬರ್‌ನಿಂದ ಇಂಥ ತಪ್ಪುಗಳಿಗೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ದೇಹದೊಳಗೆ ಬಿಟ್ಟ ವಸ್ತು, ಹೊಂದದ ಗುಂಪಿನ ರಕ್ತ, ಆಸ್ಪತ್ರೆಯಲ್ಲೇ ಆದ ಆಳವಾದ ಬೆಡ್‌ಸೋರ್ (ಬಹಳ ಹೊತ್ತು ಮಲಗೇ ಇದ್ದು ಆಗುವ ಹುಣ್ಣು) ಎಲ್ಲಾ ಆ ಪಟ್ಟಿಯಲ್ಲಿವೆ. ಆಸ್ಪತ್ರೆಗೆ ಮೂಲ ಕಾಯಿಲೆಯ ದುಡ್ಡು ಮಾತ್ರ ಸಿಗುತ್ತದೆ. ಅಲ್ಲೂ ಒಂದು ಕಿಂಡಿ ಇದೆ ನೋಡಿ: ದಾಖಲಾಗುವಾಗಲೇ ತೊಂದರೆ ಇತ್ತು ಅಂದರೆ ಈ ನಿಯಮ ತಾಗುವುದಿಲ್ಲ. ಅಂದರೆ ಕಾಕಾನ ಹಾಗೆ ಬೇರೆ ಆಸ್ಪತ್ರೆಗೆ ಹೋದವರ ಬಿಲ್ಲು ವಿಮೆಗೇ ಬೀಳುತ್ತದೆ!

ನಮ್ಮಲ್ಲಿ ಉಳಿದಿರುವ ದಾರಿ ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2 ವರ್ಷದೊಳಗೆ ದೂರು ಕೊಡಬೇಕು. ಮೊದಲು ಆಪರೇಷನ್ ದಾಖಲೆ ಕೇಳಿ, ಬಾಯಲ್ಲಲ್ಲ, ಬರೆದು ಕೊಟ್ಟು ಕೇಳಿ. ನಾವೂ ಅದನ್ನೇ ಮಾಡಿದ್ದೇವೆ.