ಪಿಡಿಎಫ್‌ನಲ್ಲಿ ಗೆರೆ ದಪ್ಪ ಬಂದರೆ: ಲೇಯರ್‌ಗೆ ಕೈ ಹಾಕುವ ಮುನ್ನ

ನಕ್ಷೆ ಬಿಡಿಸುವ ಆಟೋಕ್ಯಾಡ್ ತಂತ್ರಾಂಶದ ಪರದೆಯಲ್ಲಿ ಗೆರೆಗಳೆಲ್ಲ ತೆಳ್ಳಗೆ, ಅಚ್ಚುಕಟ್ಟು. ಅದನ್ನೇ ಪಿಡಿಎಫ್ ಮಾಡಿ ತೆರೆದರೆ ಗೋಡೆ, ಡೈಮೆನ್ಷನ್, ಹ್ಯಾಚ್ (ಒಳಜಾಗ ತುಂಬುವ ವಿನ್ಯಾಸ) ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆ. ಹೆಚ್ಚಿನವರು ಕೂಡಲೇ ಲೇಯರ್ (ಡ್ರಾಯಿಂಗ್‌ನ ಪದರ) ಪ್ರಾಪರ್ಟೀಸ್ ತೆರೆದು ಲೈನ್‌ವೇಟ್, ಅಂದರೆ ಗೆರೆದಪ್ಪ, ಇಳಿಸತೊಡಗುತ್ತಾರೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ದಪ್ಪ ಹುಟ್ಟಿದ್ದು ಪಿಡಿಎಫ್ ವ್ಯೂವರ್‌ನಲ್ಲೋ, ಪ್ಲಾಟ್ (ಮುದ್ರಣ) ಸೆಟ್ಟಿಂಗ್‌ನಲ್ಲೋ, ಡ್ರಾಯಿಂಗ್‌ನಲ್ಲೇ ಇದೆಯೋ ಎಂಬುದು ಮೊದಲು ಗೊತ್ತಾಗಬೇಕು.

ವ್ಯೂವರ್‌ನಿಂದ ಶುರುಮಾಡಿ. ಪಿಡಿಎಫ್ ಅನ್ನು ಶೇ. 100ರಿಂದ 800ಕ್ಕೆ ಝೂಮ್ ಮಾಡಿ. ಗೆರೆಯೂ ಎಂಟು ಪಟ್ಟು ದಪ್ಪವಾದರೆ ಆ ದಪ್ಪ ನಿಜವಾಗಿಯೂ ಫೈಲ್‌ನಲ್ಲಿದೆ. ಗೆರೆಗಳ ನಡುವಿನ ಜಾಗ ಅಗಲವಾಗುತ್ತಾ ಹೋಗಿ, ಗೆರೆ ಮಾತ್ರ ಹಿಂದುಳಿದರೆ ಫೈಲ್ ಸರಿಯಿದೆ, ಕಣ್ಣಿಗೆ ಕಂಡದ್ದಷ್ಟೇ ತಪ್ಪು. ಕಾರಣ ಸರಳ ಲೆಕ್ಕ: 96 ಡಿಪಿಐ ಪರದೆಯಲ್ಲಿ ಶೇ. 100 ಝೂಮ್‌ಗೆ ಒಂದು ಪಿಕ್ಸೆಲ್ ಎಂದರೆ ಕಾಗದದ ಸುಮಾರು 0.26 ಮಿ.ಮೀ. ಎ1 ಹಾಳೆ ಪೂರ್ತಿ ಕಾಣಲೆಂದು ಶೇ. 25ಕ್ಕೆ ಇಳಿಸಿದರೆ ಅದೇ ಪಿಕ್ಸೆಲ್ 1 ಮಿ.ಮೀ.ಗೂ ಸ್ವಲ್ಪ ಹೆಚ್ಚು. 0.13ರ ಗೆರೆಯನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ಬಿಡಿಸಲಾಗದೆ ವ್ಯೂವರ್ ಪೂರ್ತಿ ಪಿಕ್ಸೆಲ್ ತುಂಬಿದರೆ, 0.13, 0.25, 0.5 ಎಲ್ಲವೂ ಒಂದೇ ದಪ್ಪ!

ಅಡೋಬಿ ರೀಡರ್‌ನಲ್ಲಿ ಈ ಕೆಲಸ ಮಾಡುವುದು ‘ಎನ್‌ಹ್ಯಾನ್ಸ್ ಥಿನ್ ಲೈನ್ಸ್’. ಪ್ರಿಫರೆನ್ಸಸ್‌ನಲ್ಲಿ ಪೇಜ್ ಡಿಸ್‌ಪ್ಲೇಗೆ ಹೋಗಿ ಅದರ ಟಿಕ್ ತೆಗೆಯಿರಿ. ಇದು ಆ ಕಂಪ್ಯೂಟರ್‌ಗೆ ಮಾತ್ರ ಅನ್ವಯ; ಫೈಲ್ ಪಡೆದವರ ಬಳಿ ಮತ್ತೆ ದಪ್ಪವೇ ಕಾಣಬಹುದು, ಅವರಿಗೂ ಹೇಳಿಬಿಡಿ.

ದಪ್ಪ ಫೈಲ್‌ನಲ್ಲೇ ಇದ್ದರೆ ಮುಂದಿನ ಪರೀಕ್ಷೆ. ಪ್ಲಾಟ್ ಡಯಲಾಗ್‌ನಲ್ಲಿ ‘ಪ್ಲಾಟ್ ವಿತ್ ಪ್ಲಾಟ್ ಸ್ಟೈಲ್ಸ್’, ‘ಪ್ಲಾಟ್ ಆಬ್ಜೆಕ್ಟ್ ಲೈನ್‌ವೇಟ್ಸ್’ ಎರಡರ ಟಿಕ್ಕನ್ನೂ ತೆಗೆದು ಒಮ್ಮೆ ಪಿಡಿಎಫ್ ಮಾಡಿ. ಗೆರೆಗಳು ತೆಳ್ಳಗಾದರೆ ದೋಷ ಲೈನ್‌ವೇಟ್ ದಾರಿಯಲ್ಲಿದೆ. ಆಗಲೂ ದಪ್ಪವಾಗಿಯೇ ಉಳಿದರೆ ಅದಕ್ಕೂ ಲೈನ್‌ವೇಟ್‌ಗೂ ಸಂಬಂಧವಿಲ್ಲ. ಅದು ಪಾಲಿಲೈನ್‌ನ (ಹಲವು ತುಂಡು ಸೇರಿ ಒಂದೇ ಆದ ಗೆರೆಯ) ಅಗಲ, ಇಲ್ಲವೇ ದಟ್ಟ ಹ್ಯಾಚ್.

ಲೈನ್‌ವೇಟ್ ದಾರಿಯಲ್ಲಿ ಹೆಚ್ಚು ಕಾಡುವುದು ಪ್ಲಾಟ್ ಸ್ಕೇಲ್‌ಗೆ ತಕ್ಕಂತೆ ಗೆರೆದಪ್ಪವನ್ನೂ ಬದಲಿಸುವ ‘ಸ್ಕೇಲ್ ಲೈನ್‌ವೇಟ್ಸ್’ ಟಿಕ್. ಡ್ರಾಯಿಂಗ್ ಬಿಡಿಸುವ ಮಾಡೆಲ್ ಟ್ಯಾಬ್‌ನಲ್ಲಿ ಇದು ಮಸುಕಾಗಿರುತ್ತದೆ, ಮುದ್ರಣದ ಹಾಳೆ ಜೋಡಿಸುವ ಲೇಔಟ್‌ನಲ್ಲಿ ಮಾತ್ರ ಜೀವಂತ. ಲೇಔಟ್ 1:1 ಪ್ಲಾಟ್ ಆದರೆ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಿಲ್ಲ. ಎ1 ಲೇಔಟ್ ಅನ್ನು ‘ಫಿಟ್ ಟು ಪೇಪರ್’ ಮಾಡಿ ಎ3ಗೆ ಇಳಿಸಿದಾಗ ಚಿತ್ರ ಅರ್ಧವಾಗುತ್ತದೆ, 0.5ರ ಗೆರೆ 0.5 ಆಗಿಯೇ ಉಳಿಯುತ್ತದೆ. ಅಲ್ಲಿ ಟಿಕ್ ಬೇಕೇ ಬೇಕು. ಹಾಕಿದರೆ ಗೆರೆ 0.25ಕ್ಕೆ ಇಳಿಯುತ್ತದೆ. ಐಎಸ್ಒ ಗೆರೆದಪ್ಪಗಳ ಸರಣಿಯನ್ನು, ಅಂದರೆ 0.13, 0.18, 0.25, 0.35, 0.5, 0.7 ಇವನ್ನು, ಎರಡರ ವರ್ಗಮೂಲದ ಅನುಪಾತದಲ್ಲಿ ಜೋಡಿಸಿರುವುದೇ ಇದಕ್ಕೆ: ಹಾಳೆ ಒಂದು ಅಳತೆ ಇಳಿದರೆ ಗೆರೆಯೂ ಒಂದು ಮೆಟ್ಟಿಲು ಇಳಿಯುತ್ತದೆ.

ಇದೇ ಟಿಕ್ ಇನ್ನೊಂದು ಕಡೆ ಅನಾಹುತ ಮಾಡುತ್ತದೆ. ಲೇಔಟ್ ಅನ್ನೇ ಮೀಟರ್‌ನಲ್ಲಿ ಬಿಡಿಸಿ 1000 ಮಿ.ಮೀ. = 1 ಯೂನಿಟ್ ಎಂದು ಪ್ಲಾಟ್ ಮಾಡುವ ಫೈಲ್‌ಗಳಲ್ಲಿ ಲೈನ್‌ವೇಟ್ ಕೂಡ ಅದೇ ಪ್ರಮಾಣದಲ್ಲಿ ಹಿಗ್ಗಿ ಹಾಳೆಯೇ ಕಪ್ಪಾಗುತ್ತದೆ. ಅಲ್ಲಿ ಟಿಕ್ ತೆಗೆಯಬೇಕು.

ಸ್ಕೇಲ್ ಸರಿಯಿದ್ದರೆ ಸಿಟಿಬಿ, ಅಂದರೆ ಯಾವ ಬಣ್ಣದ ಗೆರೆ ಹೇಗೆ ಪ್ಲಾಟ್ ಆಗಬೇಕೆಂದು ಹೇಳುವ ಫೈಲ್, ನೋಡಿ. ಲೇಯರ್‌ನಲ್ಲಿ ಎಷ್ಟೇ ಇಳಿಸಿದರೂ ಪಿಡಿಎಫ್ ಬದಲಾಗುತ್ತಿಲ್ಲವೆಂದರೆ ದಪ್ಪವನ್ನು ಸಿಟಿಬಿಯೇ ನಿರ್ಧರಿಸುತ್ತಿರಬಹುದು. ಸ್ಟೈಲ್ಸ್‌ಮ್ಯಾನೇಜರ್ ಕಮಾಂಡ್ ಕೊಟ್ಟು ಆ ಫೈಲ್ ತೆರೆದು, ಬಣ್ಣದ ಎದುರಿನ ಲೈನ್‌ವೇಟ್ ‘ಯೂಸ್ ಆಬ್ಜೆಕ್ಟ್ ಲೈನ್‌ವೇಟ್’ ಇದೆಯೋ ಅಂಕಿ ಇದೆಯೋ ನೋಡಿ. ಮಾನೋಕ್ರೋಮ್ ಸಿಟಿಬಿಯಲ್ಲಿ ಮೊದಲಿಂದಲೂ ಇರುವುದು ಆಬ್ಜೆಕ್ಟ್ ಲೈನ್‌ವೇಟೇ. ಹಾಗಾಗಿ ಅದನ್ನು ಆರಿಸಿದರೆ ಬಣ್ಣ ಕಪ್ಪಾಗುತ್ತದೆಯೇ ಹೊರತು ಗೆರೆ ತೆಳ್ಳಗಾಗುವುದಿಲ್ಲ. ಬೇರೆಯವರ ಡ್ರಾಯಿಂಗ್ ಜೊತೆ ಅವರ ಸಿಟಿಬಿ ಬಂದಿರದಿದ್ದರೆ ಅವರು ಬಣ್ಣಕ್ಕೆ ಕೊಟ್ಟ ದಪ್ಪವೆಲ್ಲ ಕಳೆದು, ಡಿಫಾಲ್ಟ್ ಎಂದಿರುವ ಗೆರೆಗಳೆಲ್ಲ 0.25 ಮಿ.ಮೀ.ಗೆ ಬರುತ್ತವೆ. ಸಣ್ಣ ಸ್ಕೇಲಿನ ಡೀಟೇಲ್‌ಗೆ ಅದೇ ಜಾಸ್ತಿ. ಸಿಟಿಬಿ ಕೇಳಿ ತರಿಸಿಕೊಳ್ಳುವುದೇ ಪರಿಹಾರ.

ಒಂದೇ ಲೇಔಟ್‌ನ ಒಂದು ವ್ಯೂಪೋರ್ಟ್ (ಡ್ರಾಯಿಂಗ್ ಕಾಣಿಸುವ ಕಿಂಡಿ) ಮಾತ್ರ ದಪ್ಪವೇ? ಆ ವ್ಯೂಪೋರ್ಟ್ ಒಳಗೆ ಹೋಗಿ ಲೇಯರ್ ಪಟ್ಟಿಯಲ್ಲಿ ‘ವಿಪಿ ಲೈನ್‌ವೇಟ್’ ಕಾಲಂ ನೋಡಿ, ಓವರ್‌ರೈಡ್ ತೆಗೆಯಿರಿ. ಬಿಡಿ ವಸ್ತುಗಳಿಗೇ ಲೈನ್‌ವೇಟ್ ಕೊಟ್ಟಿದ್ದರೆ, ಅದನ್ನು ಲೇಯರ್‌ನ ದಪ್ಪಕ್ಕೇ ಮರಳಿಸುವ ಸೆಟ್‌ಬೈಲೇಯರ್ ಕಮಾಂಡ್ ಸಾಕು. ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿದ ಗುಂಪು) ಒಳಗಿನದೂ ಸೇರಬೇಕೇ ಎಂದು ಅದು ಕೇಳಿದಾಗ ಹೌದೆನ್ನಿ.

ಪಾಲಿಲೈನ್ ಅಗಲ ಬೇರೆಯೇ ಕಥೆ. ಅದು ಡ್ರಾಯಿಂಗ್ ಯೂನಿಟ್‌ನಲ್ಲಿರುತ್ತದೆ, ಸ್ಕೇಲ್ ಜೊತೆ ಬದಲಾಗುತ್ತದೆ: ಮಿ.ಮೀ.ನಲ್ಲಿ ಬಿಡಿಸಿದ ಅಗಲ 50ರ ಗೆರೆ 1:100ರಲ್ಲಿ 0.5 ಮಿ.ಮೀ., 1:20ರಲ್ಲಿ 2.5. ಗುಣ ನೋಡಿ ವಸ್ತು ಆರಿಸುವ ಕ್ಯೂಸೆಲೆಕ್ಟ್ ಕಮಾಂಡ್‌ನಲ್ಲಿ ಪಾಲಿಲೈನ್ ಆರಿಸಿ ‘ಗ್ಲೋಬಲ್ ವಿಡ್ತ್’ ಸೊನ್ನೆಗಿಂತ ಹೆಚ್ಚಿರುವುದನ್ನು ಹುಡುಕಿ, ಪ್ರಾಪರ್ಟೀಸ್‌ನಲ್ಲಿ 0 ಮಾಡಿ. ಹೊಸ ಪಾಲಿಲೈನ್‌ನ ಅಗಲ ಹೇಳುವ ಪಿಲೈನ್‌ವಿಡ್ ಅನ್ನೂ 0ಗೆ ತನ್ನಿ, ಇಲ್ಲವಾದರೆ ಮುಂದಿನ ಪಾಲಿಲೈನ್ ಹಳೆಯ ಅಗಲದಲ್ಲೇ ಹುಟ್ಟುತ್ತದೆ. ಬ್ಲಾಕ್ ಒಳಗಿನವು ಕ್ಯೂಸೆಲೆಕ್ಟ್‌ಗೆ ಸಿಗವು. ಬ್ಲಾಕ್ ಎಡಿಟರ್‌ನಲ್ಲೇ ಸರಿಪಡಿಸಬೇಕು.

ಅಕ್ಷರ ಮಾತ್ರ ಮೆತ್ತಿಕೊಂಡಿದ್ದರೆ ಅದು ಆಟೋಕ್ಯಾಡ್‌ನದೇ ಆದ ಎಸ್ಎಚ್ಎಕ್ಸ್ ಫಾಂಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದು ಗೆರೆಯಾಗಿಯೇ ಪ್ಲಾಟ್ ಆಗುತ್ತದೆ. ಎತ್ತರದ ಹತ್ತನೇ ಒಂದು ಭಾಗ ದಪ್ಪ ಸಾಕು: 2.5 ಮಿ.ಮೀ. ಅಕ್ಷರಕ್ಕೆ 0.25.

ಇಷ್ಟೆಲ್ಲ ಆದ ಮೇಲೂ ಲೇಯರ್ ಇಳಿಸಬೇಕೆನಿಸಿದರೆ 0.13ಕ್ಕೆ ನಿಲ್ಲಿಸಿ. 0.00 ಎಂದರೆ ಸಾಧನ ಬಿಡಿಸಬಲ್ಲ ಅತ್ಯಂತ ತೆಳು ಗೆರೆ: ಪಿಡಿಎಫ್ ಸೆಟ್ಟಿಂಗ್ 400 ಡಿಪಿಐ ಇದ್ದರೆ ಒಂದು ಚುಕ್ಕೆ 0.06 ಮಿ.ಮೀ., 1200 ಇದ್ದರೆ 0.02. ಒಂದೇ ಡ್ರಾಯಿಂಗ್ ಒಂದು ಕಡೆ ಕಾಣುತ್ತದೆ, ಇನ್ನೊಂದು ಕಡೆ ಕಾಗದದಿಂದಲೇ ಮಾಯ.